ಬೆಂಕಿಯ ಬೇಳೆ ಬೇಯದ ಊರು

ಪೆರು ದೇಶದ ಕುಸ್ಕೋ ಊರಿನಲ್ಲಿ ನಮ್ಮ ಬೇಳೆ ಬೇಯಲಿಲ್ಲ. ಗಾದೆಮಾತಿನ ಅರ್ಥದಲ್ಲಲ್ಲ, ನಿಜವಾಗಿಯೇ. ಒಂದೂವರೆ ಗಂಟೆ ಕುದಿಸಿದರೂ ತೊಗರಿಬೇಳೆ ಪಾತ್ರೆಯ ತಳದಲ್ಲಿ ಬಿಡಿಬಿಡಿಯಾಗಿ ಕೂತಿತ್ತು.

ತಪ್ಪು ನಮ್ಮ ಮನೆಯವರದು. ಪೆರುವಿಗೆ ಹೊರಡುವಾಗ ಅತ್ತೆಯವರು ಪೆಟ್ಟಿಗೆಯಲ್ಲಿ ಮೂರು ಲೀಟರಿನ ಕುಕ್ಕರ್ ಇಟ್ಟಿದ್ದರು. ಅದರೊಳಗಿನ ಜಾಗ ಸುಮ್ನೆ ಹಾಳಾಗಬಾರದು ಅಂತ ಬೇಳೆ, ಹುಳಿಪುಡಿ, ಹುಣಸೆಹಣ್ಣು ತುಂಬಿದ್ದರು. "ಅಮ್ಮಾ, ಅಷ್ಟು ದೂರ ಕುಕ್ಕರ್ ಹೊರೋದಾ?" ಅಂತ ಮಗ ರೇಗಿದ್ದಾಯಿತು. ಅವರೇನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಸ್ಕೋದಲ್ಲಿ ಅಡುಗೆಮನೆ ಇರುವ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಕುಕ್ಕರ್ ಕೂಗಿದರೆ ಅಕ್ಕಪಕ್ಕದವರು ಹೆದರಿಯಾರು ಅಂತ ನಮ್ಮವರು ಮೊದಲ ರಾತ್ರಿ ಬೇಳೆಯನ್ನು ತೆರೆದ ಪಾತ್ರೆಗೆ ಹಾಕಿದರು. ಅದರ ಫಲವೇ ಈ ಕಥೆ.

ನೀರು ಕುದಿಯಬೇಕಾದರೆ ಅದರೊಳಗೆ ಹುಟ್ಟುವ ಆವಿ ಮೇಲಿನ ಗಾಳಿಯ ಒತ್ತಡವನ್ನು ತಳ್ಳಿಕೊಂಡು ಹೊರಬರಬೇಕು. ಸಮುದ್ರದ ಮಟ್ಟದಲ್ಲಿ ಇದಕ್ಕೆ 100 ಡಿಗ್ರಿ ಸೆಲ್ಸಿಯಸ್ ಬೇಕು. ಕುಸ್ಕೋ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕೆಳಗಿನದರ ಮೂರರಲ್ಲಿ ಎರಡು ಪಾಲು ಅಷ್ಟೆ. ತಳ್ಳಬೇಕಾದ ಭಾರ ಕಡಿಮೆ, ಹಾಗಾಗಿ ನೀರು ಸುಮಾರು 89 ಡಿಗ್ರಿಗೇ ಕುದಿಯುತ್ತದೆ. ಉರಿ ಜೋರು ಮಾಡಿದರೆ ಆವಿ ಜಾಸ್ತಿ ಬರುತ್ತದೆ, ಬಿಸಿ ಮಾತ್ರ ಒಂದು ಡಿಗ್ರಿಯೂ ಏರುವುದಿಲ್ಲ. ಕೊತಕೊತ ಕುದಿಯುವ ನೀರು ನೋಡಿ ಬೇಳೆ ಬೇಯುತ್ತಿದೆ ಅಂತ ನಾವು ಅಂದುಕೊಂಡಿದ್ದೆವು. ಕುದಿಯುವುದು ಬೇರೆ, ಬೇಯುವುದು ಬೇರೆ.

ಮರುದಿನ ಅತ್ತೆಯವರು ಒಂದೂ ಮಾತಾಡದೆ ಕುಕ್ಕರ್ ಹೊರತೆಗೆದರು. ಕುಕ್ಕರಿನ ವೆಯ್ಟ್ ಹೊರಗಿನ ಗಾಳಿಯ ಒತ್ತಡದ ಮೇಲೆ ತನ್ನದೊಂದು ಒತ್ತಡ ಸೇರಿಸುತ್ತದೆ. ಹೊರಗಿನದೇ ಕಡಿಮೆಯಾದಾಗ ಒಟ್ಟು ಮೊತ್ತವೂ ಕಡಿಮೆ. ಕೆಳಗೆ ಕುಕ್ಕರಿನೊಳಗೆ ಸುಮಾರು 121 ಡಿಗ್ರಿ ಸಿಕ್ಕರೆ ಕುಸ್ಕೋದಲ್ಲಿ 115ರ ಆಸುಪಾಸು. ಮೂರು ಕೂಗಿನ ಕೆಲಸಕ್ಕೆ ಆರು ಕೂಗು ಬೇಕಾಯಿತು. ಸದ್ದು ಕೇಳಿ ಮನೆಯೊಡತಿ ಕೆಳಗಿನಿಂದ ಬಂದರು. ಹೆದರಿ ಅಲ್ಲ. ನಮ್ಮನ್ನು ಕೈಹಿಡಿದು ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋಗಿ ತಮ್ಮ ಕುಕ್ಕರ್ ತೋರಿಸಿದರು. ನಮ್ಮದರ ಎರಡರಷ್ಟು ದೊಡ್ಡದು! ಆ ಊರಿನಲ್ಲಿ ಕುಕ್ಕರ್ ಇಲ್ಲದೆ ಸಂಸಾರ ನಡೆಯುವುದೇ ಕಷ್ಟವಂತೆ.

ಹಾಗಾದರೆ ಕುಕ್ಕರ್ ಬರುವ ಮೊದಲು? ಇಂಕಾ ದೊರೆಗಳ ಕಾಲದಲ್ಲಿ, ಅದಕ್ಕೂ ಸಾವಿರಾರು ವರ್ಷ ಹಿಂದೆ? ಇನ್ನೂ ಮೇಲೆ, 4,000 ಮೀಟರ್ ದಾಟಿದರೆ ಬರೀ ಹುಲ್ಲುಗಾವಲು, ಮರ ಅಪರೂಪ. ಲಾಮಾ ಪ್ರಾಣಿಯ ಒಣಗಿದ ಹಿಕ್ಕೆಯೇ ಉರುವಲು. ಬೆಂಕಿ ದುಬಾರಿ, ಇದ್ದ ಬೆಂಕಿಗೂ ಕಸುವಿಲ್ಲ. ಅಲ್ಲಿಂದ ಮುಂದೆ ನಾನು ತಿಂದಿದ್ದನ್ನೆಲ್ಲ ಇದೇ ಪ್ರಶ್ನೆ ಇಟ್ಟುಕೊಂಡು ನೋಡತೊಡಗಿದೆ.

ಮೊದಲ ಉತ್ತರ ಲಿಮಾದಲ್ಲೇ ತಟ್ಟೆಗೆ ಬಂದಿತ್ತು, ಆಗ ಹೊಳೆದಿರಲಿಲ್ಲ. ಸಮುದ್ರ ದಂಡೆಯ ಆ ಊರಿನಲ್ಲಿ ಜೂನ್ ತಿಂಗಳ ಆಕಾಶ ತೊಳೆಯದ ಪಾತ್ರೆಯ ಬಣ್ಣದ್ದು. ಮಗಳು, ಅವಳಪ್ಪ ಸೆವಿಚೆ ತರಿಸಿಕೊಂಡರು. ಹಸಿ ಮೀನಿನ ತುಂಡು, ನಿಂಬೆರಸ, ಉಪ್ಪು, ಈರುಳ್ಳಿ, ಆಹಿ ಅನ್ನುವ ಅಲ್ಲಿನ ಮೆಣಸಿನಕಾಯಿ. ಪಕ್ಕದಲ್ಲಿ ಬೆಂದ ಗೆಣಸು, ಹೆಬ್ಬೆರಳ ಉಗುರಿನಷ್ಟು ದಪ್ಪ ಕಾಳಿನ ಜೋಳ. ಒಲೆ ಮುಟ್ಟದ ಮೀನು ಬೆಂದಂತೆ ಬೆಳ್ಳಗಾಗಿತ್ತು. ಹಾಲಿಗೆ ನಿಂಬೆಹುಳಿ ಹಿಂಡಿದರೆ ಒಡೆಯುತ್ತದಲ್ವಾ, ಹೆಚ್ಚುಕಡಿಮೆ ಅದೇ ಕೆಲಸ. ಮೀನಿನ ಪ್ರೋಟೀನುಗಳು ಉಣ್ಣೆಯ ಉಂಡೆಯಂತೆ ಸುತ್ತಿಕೊಂಡಿರುತ್ತವೆ. ಬಿಸಿ ತಾಗಿದರೂ ಹುಳಿ ತಾಗಿದರೂ ಆ ಸುತ್ತು ಬಿಚ್ಚುತ್ತದೆ, ಬಿಚ್ಚಿದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಮಾಂಸ ಗಟ್ಟಿಯಾಗಿ ಬೆಳ್ಳಗೆ ಕಾಣುವುದು ಅದಕ್ಕೇ. ಆದರೆ ಹುಳಿ ಬೆಂಕಿಯಷ್ಟು ಕಟ್ಟುನಿಟ್ಟಲ್ಲ. ಮೀನಿನೊಳಗಿನ ಪರೋಪಜೀವಿ ಹುಳುಗಳು ಅದಕ್ಕೆ ಸಾಯುವ ಖಾತ್ರಿ ಇಲ್ಲ. ಮೀನು ತಾಜಾ ಇರಬೇಕು, ಹುಳು ಸಾಯಬೇಕಾದರೆ ಮೊದಲೇ ಚೆನ್ನಾಗಿ ಹೆಪ್ಪುಗಟ್ಟಿಸಿಯೂ ಇರಬೇಕು. ಅಲ್ಲಿನವರು ಸೆವಿಚೆಯನ್ನು ಮಧ್ಯಾಹ್ನದ ಊಟಕ್ಕೇ ಇಟ್ಟುಕೊಂಡಿರುವುದರಲ್ಲಿ ಅರ್ಥವಿದೆ, ಬೆಳಿಗ್ಗೆ ಹಿಡಿದ ಮೀನು ಮಧ್ಯಾಹ್ನಕ್ಕೆ ಮುಗಿಯಬೇಕು.

ನಿಂಬೆ ಪೆರುವಿನದ್ದಲ್ಲ, ಸ್ಪೇನಿನವರು ತಂದದ್ದು. ಮೊದಲೆಲ್ಲ ಮೀನನ್ನು ಅದರ ರಸದಲ್ಲಿ ಗಂಟೆಗಟ್ಟಲೆ ನೆನೆಸುತ್ತಿದ್ದರು. 1899ರಿಂದ ಬಂದು ನೆಲೆಸಿದ ಜಪಾನಿಗಳ ಕೈಗೆ ಸಿಕ್ಕ ಮೇಲೆ ಸೆವಿಚೆ ಕೆಲವೇ ನಿಮಿಷಗಳ ಅಡುಗೆಯಾಯಿತು. 2023ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು.

ಅಂದ ಹಾಗೆ, ಲಿಮಾದ ಎದುರಿನ ಕಡಲು ನಮ್ಮ ಮಳೆಗೂ ಗಂಟುಬಿದ್ದಿದೆ. ಹಂಬೋಲ್ಟ್ ಪ್ರವಾಹ ಅನ್ನುವ ತಣ್ಣನೆ ನೀರಿನ ಹರಿವು ಅಲ್ಲಿ ದಂಡೆ ಹಿಡಿದು ಸಾಗುತ್ತದೆ. ಆಳದ ಪೋಷಕಾಂಶಗಳು ಮೇಲೆ ಬರುತ್ತವೆ, ಮೀನು ರಾಶಿರಾಶಿ. ಕೆಲವು ವರ್ಷ ಕ್ರಿಸ್‌ಮಸ್ ಹೊತ್ತಿಗೆ ನೀರು ಬೆಚ್ಚಗಾಗಿ ಮೀನು ಮಾಯವಾಗುತ್ತದೆ. ಬೆಸ್ತರು ಅದಕ್ಕೆ ಬಾಲಯೇಸುವಿನ ಹೆಸರಿಟ್ಟರು, ಎಲ್ ನಿನ್ಯೋ. ಅದು ಬಲವಾದ ವರ್ಷ ನಮ್ಮ ಮುಂಗಾರು ಸೊರಗುವುದು ಹೆಚ್ಚು. 2023ರಲ್ಲಿ ಅದು ಬಂದಿತ್ತು, ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರದ ಪಟ್ಟಿ ಸೇರಿದ ವರ್ಷವೂ ಅದೇ. ಅತ್ತೆಯವರಿಗೆ ಇದನ್ನು ಹೇಳಿದಾಗ ಕಡಲಿನ ಕಡೆ ಒಮ್ಮೆ ದುರುಗುಟ್ಟಿ ನೋಡಿದರು.

ಅವರ ತವರು ಹಾಸನದ ಹತ್ತಿರ, ಆಲೂಗಡ್ಡೆ ಬೆಳೆದ ಮನೆ. ಹಾಗಾಗಿ ಕುಸ್ಕೋದ ಸಾನ್ ಪೆದ್ರೊ ಮಾರುಕಟ್ಟೆಗೆ ಕಾಲಿಟ್ಟ ಮೇಲೆ ಅವರನ್ನು ಹೊರಡಿಸುವುದೇ ಕಷ್ಟವಾಯಿತು. ನೇರಳೆ, ಹಳದಿ, ಕೆಂಪು, ಕಪ್ಪು ಆಲೂಗಡ್ಡೆ, ಶುಂಠಿಯಂತೆ ಗಂಟುಗಂಟಾಗಿರುವುದು ಬೇರೆ. ಆಂಡೀಸ್ ಬೆಟ್ಟಸಾಲಿನಲ್ಲಿ 4,000ಕ್ಕೂ ಹೆಚ್ಚು ನಾಟಿ ತಳಿಗಳಿವೆ. ಮಾರುವ ಹೆಂಗಸು ರಾಶಿ ತೋರಿಸಿ "ಪಾಪಾ, ಪಾಪಾ" ಅಂದಳು. "ಪಾಪ, ಏನಾಯ್ತೋ ಅವಳಿಗೆ?" ಅಂತ ಅತ್ತೆಯವರು ಮರುಗಿದರು. ಅಲ್ಲಿನವರ ಕೆಚುವಾ ಭಾಷೆಯಲ್ಲಿ ಪಾಪಾ ಅಂದರೆ ಆಲೂಗಡ್ಡೆ. ಮಗಳು ನಕ್ಕು ನಕ್ಕು ಕೂತೇಬಿಟ್ಟಳು. ಕೆರೀಬಿಯನ್ ದ್ವೀಪದವರು ಗೆಣಸಿಗೆ ಬಟಾಟ ಅನ್ನುತ್ತಿದ್ದರು. ಯುರೋಪಿನವರು ಎರಡು ಹೆಸರನ್ನೂ ಕಲಸಿಬಿಟ್ಟರು. ಪೋರ್ಚುಗೀಸರ ಬಾಯಲ್ಲಿ ಆ ಪದ ನಮ್ಮ ಕರಾವಳಿಗೆ ಬಂದು ಬಟಾಟೆಯಾಯಿತು.

ಹಸಿರು ತಿರುಗಿದ ಆಲೂಗಡ್ಡೆಯನ್ನು ಅತ್ತೆಯವರು ಮುಟ್ಟಿಸುವುದಿಲ್ಲ. ಅದು ಸರಿ. ಆಲೂಗಡ್ಡೆ ಗಿಡ ಹುಳಹುಪ್ಪಟೆಯಿಂದ ಬಚಾವಾಗಲು ಸೊಲನೈನ್, ಚಾಕೊನೈನ್ ಅನ್ನುವ ಕಹಿ ವಿಷಗಳನ್ನು ಮಾಡಿಕೊಳ್ಳುತ್ತದೆ. ನಾವು ತಿನ್ನುವ ತಳಿಗಳಲ್ಲಿ ಅದು ಅತಿ ಕಡಿಮೆ. ಕಾಡು ಆಲೂಗಡ್ಡೆಯಲ್ಲಿ ಮತ್ತು ಹಿಮವನ್ನು ತಡೆದುಕೊಂಡು 4,000 ಮೀಟರಿನ ಮೇಲೂ ಬೆಳೆಯುವ ಕಹಿ ತಳಿಗಳಲ್ಲಿ ಜಾಸ್ತಿ. ತಮಾಷೆ ಏನೆಂದರೆ ಈ ವಿಷ ಕುದಿಸಿದರೆ ಹೋಗುವುದಿಲ್ಲ. 89 ಡಿಗ್ರಿ ಬಿಡಿ, 100ಕ್ಕೂ ಜಗ್ಗುವುದಿಲ್ಲ. ಬೆಂಕಿಯ ಬೇಳೆ ಇಲ್ಲೂ ಬೇಯದು.

ಇದಕ್ಕೊಂದು ಉಪಾಯ ಮಣ್ಣು. ಪುನೋ ಕಡೆಯ ಮಾರುಕಟ್ಟೆಗಳಲ್ಲಿ ಚಾಕೊ ಅನ್ನುವ ಬೂದುಬಣ್ಣದ ಜೇಡಿಮಣ್ಣಿನ ಹೆಂಟೆ ಮಾರುತ್ತಾರೆ. ನೀರು, ಉಪ್ಪು ಹಾಕಿ ಚಟ್ನಿಯಂತೆ ಕಲಸಿ, ಆಲೂಗಡ್ಡೆಯನ್ನು ಅದ್ದಿಕೊಂಡು ತಿನ್ನುತ್ತಾರೆ. ಜೇಡಿಯ ಸಣ್ಣ ಪದರಗಳಿಗೆ ವಿಷದ ಅಣುಗಳು ಅಂಟಿಕೊಳ್ಳುತ್ತವೆ, ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗುತ್ತವೆ. ನಾನು ಬೆರಳ ತುದಿಯಲ್ಲಿ ನೆಕ್ಕಿದೆ. ಮೊದಲ ಮಳೆಯ ವಾಸನೆಗೆ ರುಚಿ ಬಂದಂತಿತ್ತು. ಬಸುರಿಯರು ಕೆಮ್ಮಣ್ಣು ತಿನ್ನುತ್ತಿದ್ದದ್ದನ್ನು ಅತ್ತೆಯವರು ನೆನಪಿಸಿಕೊಂಡರು.

ಇನ್ನೊಂದು ಉಪಾಯವನ್ನು ನೋಡಿದ್ದು ದಾರಿಯಲ್ಲಿ. ನನ್ನ ಮಟ್ಟಿಗೆ ಇಡೀ ಪ್ರವಾಸಕ್ಕೆ ಅದೊಂದೇ ಸಾಕಿತ್ತು. ಕುಸ್ಕೋದಿಂದ ಪುನೋಗೆ ಹೋಗುವ ರಸ್ತೆ ಲಾ ರಾಯಾ ಅನ್ನುವಲ್ಲಿ 4,300 ಮೀಟರ್ ದಾಟುತ್ತದೆ. ಅದನ್ನಿಳಿದು ಸ್ವಲ್ಪ ದೂರದಲ್ಲಿ ಒಂದು ಸಂಸಾರ ಹುಲ್ಲಿನ ಮೇಲೆ ಗೋಲಿಗಿಂತ ತುಸು ದೊಡ್ಡ ಆಲೂಗಡ್ಡೆಗಳನ್ನು ಹರಡಿತ್ತು. ಅಜ್ಜ, ಸೊಸೆ, ಇಬ್ಬರು ಮಕ್ಕಳು ಬರಿಗಾಲಲ್ಲಿ ತುಳಿಯುತ್ತಿದ್ದರು. ಕಾಲಡಿಯಿಂದ ನೀರು ಚಿಲ್ಲೆಂದು ಹಾರುತ್ತಿತ್ತು.

ಅದು ಚುನ್ಯೋ. ಜೂನ್, ಜುಲೈನಲ್ಲಿ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಚರ್ಮ ಸುಡುವ ಬಿಸಿಲು. ರಾತ್ರಿ ಆಲೂಗಡ್ಡೆಯೊಳಗಿನ ನೀರು ಮಂಜಿನ ಹರಳಾಗುತ್ತದೆ. ಹರಳು ಹಿಗ್ಗಿ ಜೀವಕೋಶಗಳ ಗೋಡೆಯನ್ನು ಹರಿಯುತ್ತದೆ. ಬೆಳಿಗ್ಗೆ ಕರಗಿದಾಗ ಆಲೂಗಡ್ಡೆ ನೆನೆದ ಸ್ಪಂಜಿನಂತೆ ಮೆತ್ತಗಾಗಿರುತ್ತದೆ. ಒಂದಷ್ಟು ರಾತ್ರಿ ಹೀಗಾದ ಮೇಲೆ ತುಳಿದರೆ ನೀರಿನ ಜೊತೆ ವಿಷವೂ ಹೊರಬರುತ್ತದೆ, ಸಿಪ್ಪೆಯೂ ಬಿಡುತ್ತದೆ. ಆಮೇಲೆ ಬಿಸಿಲಲ್ಲಿ ಒಣಗಿಸಿದರೆ ಕಪ್ಪು ಚುನ್ಯೋ. ಬಿಳಿಯದು ಬೇಕೆಂದರೆ ಹರಿಯುವ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡಬೇಕು. ಆಗ ಉಳಿದ ಕಹಿಯೂ ತೊಳೆದುಹೋಗುತ್ತದೆ. ಅದಕ್ಕೆ ಮೊರಾಯಾ ಅನ್ನುತ್ತಾರೆ. ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುವುದರಿಂದ ಐದು ಕಿಲೋ ಒಣಗಿ ಒಂದು ಕಿಲೋ ಆಗುತ್ತದೆ. ವರ್ಷಗಟ್ಟಲೆ ಕೆಡದು.

ಇದನ್ನು ಜಗತ್ತಿನ ಮೊದಲ 'ಫ್ರೀಜ್ ಡ್ರೈ' ಆಹಾರ ಅಂತ ಹೇಳುವುದುಂಟು. ಕೇಳಲು ಚೆನ್ನಾಗಿದೆ, ಪೂರ್ತಿ ಸರಿಯಲ್ಲ. ಈಗಿನ ಕಾರ್ಖಾನೆಯ ವಿಧಾನದಲ್ಲಿ ಮಂಜು ಕರಗದೆ ನೇರವಾಗಿ ಆವಿಯಾಗಬೇಕು. ಇಲ್ಲಿ ಹೆಚ್ಚಿನ ಕೆಲಸ ಮಾಡುವುದು ಕರಗುವ ನೀರು ಮತ್ತು ತುಳಿಯುವ ಕಾಲು. ಆದರೆ ಮೇಲಿನ ತೆಳು ಗಾಳಿಯಲ್ಲಿ ನೀರು ಬೇಗ ಆವಿಯಾಗುತ್ತದೆ ಅನ್ನುವುದು ನಿಜ. ನಮ್ಮ ಬೇಳೆಯನ್ನು ಕೆಡಿಸಿದ ಗಾಳಿಯೇ ಇವರ ಆಲೂಗಡ್ಡೆಯನ್ನು ಒಣಗಿಸುತ್ತಿತ್ತು. ಅತ್ತೆಯವರು ಬಹಳ ಹೊತ್ತು ನೋಡಿದರು. "ನಮ್ಮ ಸಂಡಿಗೆಗೆ ಬಿಸಿಲು ಮಾತ್ರ ದುಡಿಯುತ್ತೆ. ಇವರು ಚಳಿಗೂ ಕೆಲಸ ಕೊಟ್ಟಿದ್ದಾರೆ" ಅಂದರು.

ಚಳಿ ಕೂಡಿಸಿಕೊಟ್ಟ ಈ ದವಸದ ಬಲದ ಮೇಲೆಯೇ ಇಂಕಾ ದೊರೆಗಳ ದೊಡ್ಡ ರಾಜ್ಯ ನಿಂತಿತ್ತು. ಓಯಾಂತಾಯ್ತಾಂಬೋ ಊರಿನಲ್ಲಿ ಕೋಟೆಯ ಎದುರಿನ ಕಡಿದಾದ ಬೆಟ್ಟಕ್ಕೆ ಅಂಟಿಕೊಂಡಂತೆ ಕಲ್ಲಿನ ಮನೆಗಳಿವೆ. ವಾಸಕ್ಕಲ್ಲ, ಕಣಜ. ಕೊಲ್ಕಾ ಅನ್ನುತ್ತಾರೆ. ತಣ್ಣನೆ ಗಾಳಿ ಬೀಸುವ ಎತ್ತರ ನೋಡಿ, ಗಾಳಿಗಂಡಿ ಬಿಟ್ಟು ಕಟ್ಟಿದ್ದಾರೆ. ಲೆಕ್ಕ ಗಂಟು ಹಾಕಿದ ದಾರಗಳಲ್ಲಿ, ಅದಕ್ಕೆ ಕಿಪು ಅಂತ ಹೆಸರು. ಲಿಪಿ ಇರಲಿಲ್ಲ, ಕಬ್ಬಿಣ ಇರಲಿಲ್ಲ, ಗಾಡಿ ಇರಲಿಲ್ಲ. ಆದರೂ ಸುಮಾರು 30,000 ಕಿಲೋಮೀಟರ್ ರಸ್ತೆಜಾಲ ಇತ್ತು, ದಾರಿಯುದ್ದಕ್ಕೂ ತುಂಬಿದ ಕಣಜ ಇತ್ತು. ಹಗುರವಾದ, ಕೆಡದ ಊಟ ಇಲ್ಲದೆ ಸೈನ್ಯ ನಡೆಯುವುದು ಹೇಗೆ? ಆಮೇಲೆ ಸ್ಪೇನಿನವರು ಬಂದರು. 1545ರಲ್ಲಿ ಪೊತೊಸಿಯಲ್ಲಿ ಬೆಳ್ಳಿ ಸಿಕ್ಕಿತು. ಈಗ ಅದು ಬೊಲಿವಿಯಾದಲ್ಲಿದೆ. ಗಣಿಗೆ ಇಳಿದು ಸತ್ತ ಆಂಡೀಸ್ ಜನರ ಹೊಟ್ಟೆಗೆ ಬಿದ್ದದ್ದೂ ಚುನ್ಯೋ. ಅದನ್ನು ಮಾರಿಯೇ ಹಣ ಮಾಡಿದ ಸ್ಪೇನಿನವರಿದ್ದರು ಅಂತ ಆ ಕಾಲದವರೇ ಬರೆದಿಟ್ಟಿದ್ದಾರೆ.

ಬೆಟ್ಟದ ಮೇಲೆ ಇಂಕಾಗಳು ಕಟ್ಟಿದ ಮಚು ಪಿಚುವಿಗೂ ಹೋದೆವು. ಅದರ ಫೋಟೋ ನೀವು ನೋಡಿರುತ್ತೀರಿ, ಹಾಗೇ ಇದೆ. ಕುಸ್ಕೋಗಿಂತ ಸುಮಾರು ಸಾವಿರ ಮೀಟರ್ ಕೆಳಗಿದೆ, ಅಲ್ಲಿ ಉಸಿರಾಟ ಸಲೀಸು ಅನ್ನುವುದೊಂದೇ ನಮಗೆ ಹೊಸ ಸುದ್ದಿ.

ಬೆಂಕಿಯನ್ನು ಇಲ್ಲಿನವರು ಪೂರ್ತಿ ಬಿಟ್ಟವರಲ್ಲ. ಆಲೂಗಡ್ಡೆ ಕೀಳುವ ಕಾಲದಲ್ಲಿ ಹೊಲದಲ್ಲೇ ಮಣ್ಣಿನ ಹೆಂಟೆಗಳನ್ನು ಗೂಡಿನಂತೆ ಪೇರಿಸಿ, ಒಳಗೆ ಉರಿ ಹಾಕಿ ಕಾಯಿಸುತ್ತಾರೆ. ಹೆಂಟೆ ಕಾದ ಮೇಲೆ ಆಲೂಗಡ್ಡೆ ಒಳಗೆ ಹಾಕಿ ಗೂಡನ್ನು ಅದರ ಮೇಲೇ ಕೆಡವಿ ಮುಚ್ಚುತ್ತಾರೆ. ಇದು ವಾತಿಯಾ. ನೀರಿಗೆ 89 ಡಿಗ್ರಿಯ ಗಡಿ ಇದೆ, ಕಾದ ಮಣ್ಣಿಗೆ ಇಲ್ಲ. ಗಾಳಿಯ ಒತ್ತಡ ಎಷ್ಟಿದ್ದರೂ ಅದಕ್ಕೇನು? ಒಂದು ಮಧ್ಯಾಹ್ನ ಹೊಲದ ಬದಿ ಅದನ್ನು ತಿಂದೆವು. ಮಣ್ಣು ಕೊಡವಿ, ಸಿಪ್ಪೆ ಸುಲಿದು, ಮರಾಸ್ ಅನ್ನುವ ಊರಿನ ಉಪ್ಪು ಉದುರಿಸಿಕೊಂಡು. ಆ ಉಪ್ಪೂ ಬೆಟ್ಟದ ಉಪ್ಪುನೀರಿನ ಬುಗ್ಗೆಯಿಂದ ಸಾವಿರಾರು ಪುಟ್ಟ ಮಡಿಗಳಿಗೆ ಹಾಯಿಸಿ ಬಿಸಿಲಲ್ಲಿ ಇಂಗಿಸಿದ್ದು.

ಊರಿಗೆ ಹೊರಡುವ ಹಿಂದಿನ ರಾತ್ರಿ ಮತ್ತೆ ಕುಸ್ಕೋ. ಉಳಿದಿದ್ದ ಬೇಳೆಗೆ ಅತ್ತೆಯವರು ಮಾರುಕಟ್ಟೆಯಿಂದ ತಂದ ಮೊರಾಯಾ ಸೇರಿಸಿ ಹುಳಿ ಮಾಡಿದರು. ಹಿಂದಿನ ದಿನವೇ ನೆನೆಹಾಕಿ ಮೂರು ಸಲ ನೀರು ಬದಲಿಸಿದ್ದರು. ಚಳಿ ಒಡೆದಿಟ್ಟ ಆ ಜೀವಕೋಶಗಳು ಹುಳಿಯನ್ನು ನಡುವಿನ ತನಕ ಹೀರಿಕೊಂಡಿದ್ದವು. ಕಚ್ಚಿದರೆ ಬಾಯಿ ತುಂಬ ಹುಣಸೆ, ಇಂಗು. ಮನೆಯೊಡತಿಗೂ ಒಂದು ಬಟ್ಟಲು ಕೊಟ್ಟೆವು. ಅವರು ಚಮಚದಲ್ಲಿ ಬೇಳೆ ಎತ್ತಿ ತೋರಿಸಿ, ಕುಕ್ಕರಿನ ಕಡೆ ಕೈಮಾಡಿ ಏನೋ ಕೇಳಿದರು. ಅತ್ತೆಯವರು ಆರು ಬೆರಳು ತೋರಿಸಿ, ಬಾಯಲ್ಲೇ "ಸುಂಯ್" ಅಂತ ಕೂಗಿದರು. ಆಕೆ ಇನ್ನೊಂದು ಚಮಚ ಬಾಯಿಗಿಟ್ಟು, ನಿಧಾನವಾಗಿ ಅಗಿದು, ತಲೆ ಅಡ್ಡಡ್ಡ ಆಡಿಸಿ ಎಂಟು ಬೆರಳು ತೋರಿಸಿದರು.