ಸೆಗ್ಮೆಂಟೇಷನ್ ಅಂದರೆ ಚೌಕ ಹಾಕುವುದಲ್ಲ

ಬೆಂಗಳೂರಿನಲ್ಲಿ ವೈದ್ಯಕೀಯ ಚಿತ್ರಗಳ ಸಾಫ್ಟ್‌ವೇರ್ ಕೆಲಸಕ್ಕೆ ಬರುವ ರೆಸ್ಯೂಮೆಗಳಲ್ಲಿ ಒಂದು ಪದ ತಪ್ಪದೇ ಇರುತ್ತದೆ: ಸೆಗ್ಮೆಂಟೇಷನ್. ಕೆಳಗೆ ಪ್ರಾಜೆಕ್ಟ್ ಓದಿದರೆ, ಎಕ್ಸ್‌ರೇ ನೋಡಿ ನ್ಯುಮೋನಿಯಾ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಂ. ಅದು ಕ್ಲಾಸಿಫಿಕೇಷನ್. ಇನ್ನೊಬ್ಬರದು ಗಡ್ಡೆಯ ಸುತ್ತ ಚೌಕ ಹಾಕುವ ಪ್ರೋಗ್ರಾಂ. ಅದು ಡಿಟೆಕ್ಷನ್. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಯಾವುದೂ ಸೆಗ್ಮೆಂಟೇಷನ್ ಅಲ್ಲ. ಈಚೆಗೆ ಕೆಲಸದ ಜಾಹೀರಾತುಗಳಲ್ಲೂ ಇದೇ ಕಲಸುಮೇಲೋಗರ.

ಚಿತ್ರದ ಒಂದೊಂದು ಪಿಕ್ಸೆಲ್ಲೂ ಯಾವುದಕ್ಕೆ ಸೇರಿದ್ದು ಅಂತ ತೀರ್ಮಾನಿಸುವುದೇ ಸೆಗ್ಮೆಂಟೇಷನ್. ಇದು ಲಿವರ್, ಇದು ಗಡ್ಡೆ, ಇದು ಎರಡೂ ಅಲ್ಲ. ನಮ್ಮ ಮಾತಲ್ಲಿ ಇದಕ್ಕೆ ಹದ್ದುಬಸ್ತು ಅನ್ನಬಹುದು. ಸೈಟು ಕೆಂಗೇರಿಯಲ್ಲಿದೆ ಅನ್ನುವುದು ಬೇರೆ, ಸರ್ವೆಯವರು ಬಂದು ಅಳೆದು ಗಡಿಗೆ ಕಲ್ಲು ನೆಡುವುದು ಬೇರೆ, ಅಲ್ವಾ?

ಚೌಕವೇ ಸಾಕಲ್ಲ ಅನ್ನುವವರು ರೇಡಿಯೇಷನ್ ಚಿಕಿತ್ಸೆ ಹೇಗೆ ಪ್ಲಾನ್ ಮಾಡುತ್ತಾರೆ ಅಂತ ಒಮ್ಮೆ ನೋಡಬೇಕು. ಗಡ್ಡೆಗೆ ಎಷ್ಟು ಡೋಸ್, ಪಕ್ಕದ ಬೆನ್ನುಹುರಿಗೆ ಎಷ್ಟು ತಗಲುತ್ತದೆ ಅಂತ ಲೆಕ್ಕ ಹಾಕಲು ಎರಡರ ಅಂಚೂ ಬೇಕು. ಗಾತ್ರದ ಲೆಕ್ಕವೂ ಅಷ್ಟೇ. ದುಂಡಗಿನ ಗಡ್ಡೆಯ ಸುತ್ತ ಎಷ್ಟೇ ಬಿಗಿಯಾಗಿ ಡಬ್ಬಿ ಕೂರಿಸಿದರೂ ಡಬ್ಬಿಯ ಗಾತ್ರ ಗಡ್ಡೆಯ ಸುಮಾರು 1.9 ಪಟ್ಟು ಇರುತ್ತದೆ.

ಅಂಚು ಸರಿಯಾಗಿ ಸಿಕ್ಕರೂ ಕೆಲಸ ಮುಗಿಯುವುದಿಲ್ಲ, ಅದರಿಂದ ಗಾತ್ರ ತೆಗೆಯಬೇಕು. ಸಿಟಿ ಸ್ಕ್ಯಾನಿನ ಒಂದು ಸ್ಲೈಸ್, ಅಂದರೆ ದೇಹವನ್ನು ಅಡ್ಡಲಾಗಿ ಸೀಳಿದಂತೆ ತೋರಿಸುವ ಒಂದು ಚಿತ್ರ, ಸಾಮಾನ್ಯವಾಗಿ 512 ಸಾಲು, 512 ಕಾಲಂ ಪಿಕ್ಸೆಲ್. ಪಿಕ್ಸೆಲ್ ಅಗಲ 0.7 ಮಿಲಿಮೀಟರ್, ಸ್ಲೈಸ್‌ಗಳ ನಡುವೆ 5 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಹಾಗಾದರೆ ಒಂದು ವಾಕ್ಸೆಲ್, ಅಂದರೆ ಎತ್ತರವೂ ಸೇರಿದ ಪಿಕ್ಸೆಲ್, 2.45 ಘನ ಮಿಲಿಮೀಟರ್. ಗಡ್ಡೆಯಲ್ಲಿ 1000 ವಾಕ್ಸೆಲ್ ಇದ್ದರೆ 2.45 ಮಿಲಿಲೀಟರ್. ಇಲ್ಲಿ ಒಂದು ಗುಂಡಿ ಇದೆ. ಸ್ಕ್ಯಾನ್ ಚಿತ್ರಗಳನ್ನು ಇಡುವ ಡೈಕಾಂ ಅನ್ನುವ ಫೈಲಿನಲ್ಲಿ ಸ್ಲೈಸಿನ ದಪ್ಪ ಅಂತ ಒಂದು ಸಂಖ್ಯೆ ಇರುತ್ತದೆ. ಅದು ಸ್ಲೈಸ್‌ಗಳ ನಡುವಿನ ದೂರವೇ ಆಗಿರಬೇಕಾಗಿಲ್ಲ. 5 ಮಿಲಿಮೀಟರ್ ದಪ್ಪದ ಸ್ಲೈಸ್‌ಗಳನ್ನು 2.5 ಮಿಲಿಮೀಟರಿಗೊಂದರಂತೆ, ಒಂದರ ಮೇಲೊಂದು ಬರುವ ಹಾಗೆ ತಯಾರಿಸುವುದುಂಟು. ಅಲ್ಲಿ ದಪ್ಪದಿಂದ ಗುಣಿಸಿದರೆ ಗಡ್ಡೆ ಸುಮ್ನೆ ಎರಡು ಪಟ್ಟಾಗುತ್ತದೆ. ಪ್ರತಿ ಸ್ಲೈಸ್ ಎಲ್ಲಿದೆ ಅನ್ನುವ ವಿವರವೂ ಅದೇ ಫೈಲಿನಲ್ಲಿರುತ್ತದೆ. ದೂರವನ್ನು ಅದರಿಂದಲೇ ತೆಗೆಯಬೇಕು. ಕೋಡ್ ಬರೆಯುವವರು ಈ ಕ್ಷೇತ್ರದಲ್ಲಿ ಬೆಲೆ ಗಳಿಸುವುದು ಇಂಥ ಕಡೆ. ಸೆಗ್ಮೆಂಟೇಷನ್‌ಗೆಂದೇ 2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನವರು ಕೊಟ್ಟ ಯು-ನೆಟ್ ಅನ್ನುವ ಎಐ ಮಾಡೆಲ್ ಓಡಿಸುವುದನ್ನು ಈಗ ಯಾರು ಬೇಕಾದರೂ ಬೇಗ ಕಲಿಯುತ್ತಾರೆ.

ಇನ್ನು ಸೆಗ್ಮೆಂಟೇಷನ್ ಎಷ್ಟು ಸರಿಯಾಗಿದೆ ಅಂತ ಅಳೆಯುವ ಡೈಸ್ ಸ್ಕೋರ್. ಇದಕ್ಕೂ ಪಗಡೆಯ ದಾಳಕ್ಕೂ ಸಂಬಂಧವಿಲ್ಲ. ಲೀ ಡೈಸ್ ಅಮೆರಿಕದ ಜೀವಿ ಪರಿಸರ ವಿಜ್ಞಾನಿ. ಎರಡು ಜೀವಜಾತಿಗಳು ಎಷ್ಟರ ಮಟ್ಟಿಗೆ ಒಟ್ಟೊಟ್ಟಿಗೆ ಕಾಣಸಿಗುತ್ತವೆ ಅಂತ ಅಳೆಯಲು 1945ರಲ್ಲಿ ಈ ಸೂತ್ರ ಕೊಟ್ಟರು. ನಾವು ಅದರಲ್ಲಿ ಡಾಕ್ಟರು ಗೆರೆ ಎಳೆದ ಜಾಗವನ್ನೂ ಪ್ರೋಗ್ರಾಂ ಗುರುತಿಸಿದ ಜಾಗವನ್ನೂ ಹೋಲಿಸುತ್ತೇವೆ. ಎರಡಕ್ಕೂ ಸೇರಿದ ಪಿಕ್ಸೆಲ್‌ಗಳನ್ನು ದುಪ್ಪಟ್ಟು ಮಾಡಿ, ಎರಡರ ಒಟ್ಟು ಪಿಕ್ಸೆಲ್‌ಗಳಿಂದ ಭಾಗಿಸಬೇಕು. ಪೂರ್ತಿ ಹೊಂದಿದರೆ 1, ಎಲ್ಲೂ ಹೊಂದದಿದ್ದರೆ 0.

ಜಾಸ್ತಿ ಜನ ಎಡವುವುದು ಇಲ್ಲೇ. 0.9 ಬಂತು ಅನ್ನುತ್ತಾರೆ, ಯಾವುದರ ಮೇಲೆ ಅಂತ ಹೇಳುವುದಿಲ್ಲ. 100 ಪಿಕ್ಸೆಲ್ ಉದ್ದ, 100 ಪಿಕ್ಸೆಲ್ ಅಗಲದ ಗುರುತು ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದರೆ ಸ್ಕೋರ್ 0.99. ಅದೇ 3 ಪಿಕ್ಸೆಲ್ ಉದ್ದ, 3 ಪಿಕ್ಸೆಲ್ ಅಗಲದ ಚಿಕ್ಕ ಗುರುತು ಅಷ್ಟೇ ಸರಿದರೆ 0.67. ತಪ್ಪು ಎರಡರಲ್ಲೂ ಒಂದೇ ಪಿಕ್ಸೆಲ್. ಹಾಗಾಗಿ ರೆಸ್ಯೂಮೆಯಲ್ಲಿ ಸ್ಕೋರ್ ಬರೆಯುವವರು ಪಕ್ಕದಲ್ಲೇ ಯಾವ ಅಂಗ, ಎಷ್ಟು ದೊಡ್ಡ ಗಡ್ಡೆ, ಗೆರೆ ಎಳೆದ ಡಾಕ್ಟರು ಎಷ್ಟು ಜನ ಅಂತಲೂ ಬರೆಯಿರಿ. ಒಂದೇ ಗಡ್ಡೆಗೆ ಇಬ್ಬರು ಡಾಕ್ಟರು ಎಳೆದ ಗೆರೆಗಳೇ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ.