‘ಪಾರ್ಲನೊ’ ಅನ್ನುವಾಗ ಒತ್ತು ಎಲ್ಲಿ ಬೀಳಬೇಕು?

ಪ್ರಶ್ನೆ: ಇಟಾಲಿಯನ್ ಕಲಿಯುತ್ತಿದ್ದೇನೆ. ‘ಪಾರ್ಲ್ಯಾಮೊ’ (ನಾವು ಮಾತಾಡುತ್ತೇವೆ) ಸರಿಯಾಗಿ ಬರುತ್ತದೆ. ‘ಪಾರ್ಲಾನೊ’ (ಅವರು ಮಾತಾಡುತ್ತಾರೆ) ಅಂದರೆ ಮಾತ್ರ ಟೀಚರ್ ತಿದ್ದುತ್ತಾರೆ. ಯಾಕೆ?

ಉತ್ತರ: ನೀವು ‘ಲಾ’ ಎಳೆದಿದ್ದೀರಿ, ಅದಕ್ಕೇ.

ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯುವವರೆಲ್ಲ ಇಲ್ಲಿ ಎಡವುತ್ತಾರೆ. ಇಟಾಲಿಯನ್ನರ ಬಾಯಿ ನಮ್ಮ ‘ಆ’ಗೆ ತೆರೆದ ಹಾಗೆ ತೆರೆಯುತ್ತದೆ. ಹಾಗಾಗಿ ನಾವು ಎಲ್ಲ ಕಡೆ ‘ಆ’ ಬರೆಯುತ್ತೇವೆ, ಬರೆದ ಮೇಲೆ ಎಲ್ಲ ಕಡೆ ಎಳೆಯುತ್ತೇವೆ. ಅವರಲ್ಲಿ ಪದದ ನಡುವೆ ಸ್ವರ ಉದ್ದವಾಯಿತು ಅಂದರೆ ಒತ್ತು ಅಲ್ಲೇ ಬಿತ್ತು ಅಂತ ಅರ್ಥ. ನೀವು ಸುಮ್ನೆ ದೀರ್ಘ ಹೇಳಿದಿರಿ, ಅವರ ಕಿವಿಗೆ ಅದು ತಪ್ಪು ಜಾಗದ ಒತ್ತಾಗಿ ಕೇಳಿಸಿತು.

ಸರಿಯಾದದ್ದು ಪಾರ್-ಲ-ನೊ. ಒತ್ತು ‘ಪಾರ್’ ಮೇಲೆ. ವರ್ತಮಾನ ಕಾಲದಲ್ಲಿ ‘ಅವನು/ಅವಳು’ ರೂಪದ ಒತ್ತು ಎಲ್ಲಿದೆಯೋ ‘ಅವರು’ ರೂಪದ್ದೂ ಅಲ್ಲೇ. ಪಾರ್-ಲ, ಪಾರ್-ಲ-ನೊ. ‘ನೊ’ ಬರೀ ಬಾಲ. ವಾಸಿಸುವುದಕ್ಕೆ ಆ-ಬಿ-ತ, ಆ-ಬಿ-ತ-ನೊ. ಫೋನ್ ಮಾಡುವುದಕ್ಕೆ ತೆ-ಲೇ-ಫೊ-ನ, ತೆ-ಲೇ-ಫೊ-ನ-ನೊ. ಈ ಕೊನೆಯದನ್ನು ಮೇಜು ತಟ್ಟುತ್ತಾ ಹೇಳಿ: ‘ಲೇ’ಗೆ ಜೋರಾಗಿ ಒಂದು ಏಟು, ಆಮೇಲೆ ಮೂರು ಹಗುರ ಏಟು. ನನಗಂತೂ ಇಡೀ ಭಾಷೆಯಲ್ಲಿ ತುಂಬಾ ಇಷ್ಟವಾದ ಲಯ ಇದು.

ಬರಹ ನೋಡಿದರೆ ಇದು ಗೊತ್ತಾಗುವುದಿಲ್ಲ. ಒತ್ತು ಕೊನೆಯಲ್ಲಿ ಬಿದ್ದಾಗ ಮಾತ್ರ ಸ್ವರದ ಮೇಲೆ ಗೆರೆ ಹಾಕುವುದು ಕಡ್ಡಾಯ. ‘ಪಾರ್ಲೊ’ದಲ್ಲಿ ಒತ್ತು ಮೊದಲಿದ್ದರೆ ‘ನಾನು ಮಾತಾಡುತ್ತೇನೆ’, ಕೊನೆಗಿದ್ದು ಗೆರೆ ಬಂದರೆ ‘ಅವನು ಮಾತಾಡಿದ’. ‘ಎರೆ’ ಎಂದು ಮುಗಿಯುವ ಧಾತುರೂಪಗಳನ್ನು ನಿಘಂಟು ನೋಡಿಯೇ ಕಲಿಯಬೇಕು: ನೋಡುವುದು ವೆ-ದೇ-ರೆ, ಓದುವುದು ಲೆಜ್-ಜೆ-ರೆ, ಇಲ್ಲಿ ಒತ್ತು ‘ಲೆಜ್’ ಮೇಲೆ.

ಪದ ಒಡೆಯುವಾಗ ಇನ್ನೊಂದು ವಿಷಯ. ನಾವು ‘ಕತ್ತೆ’ಯನ್ನು ಎರಡೇ ಅಕ್ಷರದಲ್ಲಿ ಬರೆಯುತ್ತೇವೆ, ಆದರೆ ನಾಲಿಗೆ ‘ಕತ್-ತೆ’ ಅನ್ನುತ್ತದೆ, ಅಲ್ವಾ? ಇಟಾಲಿಯನ್ನರು ಒಡೆಯುವುದು ನಾಲಿಗೆಯ ಪ್ರಕಾರ. ‘ಕತೆ’ಗೂ ‘ಕತ್ತೆ’ಗೂ ಇರುವ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಗೊತ್ತು. ಅದನ್ನು ಇಲ್ಲಿ ಧೈರ್ಯವಾಗಿ ಬಳಸಿ. ವೆ-ದ್ರೇ-ಮೊ ಅಂದರೆ ‘ನೋಡೋಣ, ಮುಂದೆ ನೋಡುತ್ತೇವೆ’. ವೆ-ದ್ರೆಮ್-ಮೊ ಅಂದರೆ ‘ಸಾಧ್ಯವಿದ್ದರೆ ನೋಡುತ್ತಿದ್ದೆವು’. ಒಂದೇ ಒಂದು ‘ಮ್’ ಜಾಸ್ತಿ.