ಮಗಳ ಹಾಲುಹಲ್ಲು ಎತ್ತಿಟ್ಟರೆ ಅಜ್ಜಿಯ ದವಡೆ ಮೂಳೆ ಬೆಳೆಯುತ್ತಾ?

ಪ್ರಶ್ನೆ: ನಮ್ಮ ಅತ್ತೆಗೆ ಒಸಡಿನ ಕಾಯಿಲೆಯಿಂದ ದವಡೆ ಮೂಳೆ ಸವೆದಿದೆಯಂತೆ. ಹಲ್ಲಿನ ಸ್ಟೆಮ್ ಸೆಲ್ ಹಾಕಿ ಲೇಸರ್ ಬೆಳಕು ಕೊಟ್ಟರೆ ಮೂಳೆ ಮತ್ತೆ ಬೆಳೆಯುತ್ತೆ ಅಂತ ಮೊಬೈಲಿನಲ್ಲಿ ನೋಡಿದೆ. ಮಗಳ ಹಾಲುಹಲ್ಲು ಈಗ ಅಲ್ಲಾಡ್ತಿದೆ. ದುಡ್ಡು ಕೊಟ್ಟು ಎಲ್ಲಾದರೂ ಇಡಿಸಬೇಕಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಬೇಡ. ಸಗಣಿ ಉಂಡೆಯಲ್ಲಿಟ್ಟು ಹಂಚಿನ ಮಾಡಿನ ಮೇಲೆ ಎಸೆಯೋ ರೂಢಿ ನಿಮ್ಮನೇಲಿ ಇದ್ದರೆ ಹಾಗೇ ಮಾಡಿ. ಆದರೆ ನೀವು ನೋಡಿದ್ದು ಪೂರ್ತಿ ಸುಳ್ಳೂ ಅಲ್ಲ.

ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ. ಹಲ್ಲಿನ ಒಳಗಿನ ಮೆತ್ತನೆ ತಿರುಳಿನಲ್ಲಿ ಅದು ಇದೆ ಅಂತ 2000ದಲ್ಲಿ ಗೊತ್ತಾಯಿತು. ಹಾಲುಹಲ್ಲಿನಲ್ಲೂ ಇದೆ ಅಂತ ತಿಳಿದದ್ದು 2003ರಲ್ಲಿ. ಲ್ಯಾಬಿನ ತಟ್ಟೆಯಲ್ಲಿ ಸರಿಯಾದ ಪೋಷಣೆ ಕೊಟ್ಟು ಬೆಳೆಸಿದರೆ ಇವು ಮೂಳೆ ಕಟ್ಟೋ ಕೆಲಸಕ್ಕೆ ತಿರುಗುತ್ತವೆ. ಕೆಲವು ವಾರ ಬಿಟ್ಟು ಆ ತಟ್ಟೆಗೆ ಅಲಿಜರಿನ್ ಅನ್ನೋ ಬಣ್ಣ ಹಾಕುತ್ತಾರೆ. ಕ್ಯಾಲ್ಸಿಯಂ ಕೂತ ಕಡೆಯೆಲ್ಲ ಕೆಂಪಾಗುತ್ತೆ, ಅಂದರೆ ಅಲ್ಲಿ ಮೂಳೆ ಕಟ್ಟೋ ಕೆಲಸ ನಡೆದಿದೆ ಅಂತ ಲೆಕ್ಕ. ಲೇಸರ್ ಬೆಳಕು ಬಿದ್ದ ತಟ್ಟೆಯಲ್ಲಿ ಈ ಕೆಂಪು ಜಾಸ್ತಿ ಕಂಡ ಪ್ರಯೋಗಗಳು ಹಲವಾರಿವೆ.

ಇದು ಕೊಯ್ಯೋ ಲೇಸರ್ ಅಲ್ಲ, ಸುಡೋದೂ ಇಲ್ಲ. 1967ರಲ್ಲಿ ಹಂಗೆರಿಯ ಎಂಡ್ರೆ ಮೆಸ್ಟರ್ ಅನ್ನೋ ವೈದ್ಯರು, ಲೇಸರಿನಿಂದ ಕ್ಯಾನ್ಸರ್ ಬರುತ್ತಾ ಅಂತ ನೋಡಲು ಇಲಿಗಳ ಬೆನ್ನು ಬೋಳಿಸಿ ಬೆಳಕು ಬಿಟ್ಟರು. ಕ್ಯಾನ್ಸರ್ ಬರಲಿಲ್ಲ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು! ಈಗ ಹೆಚ್ಚಾಗಿ ಬಳಸೋದು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು, ಇಲ್ಲವೇ 810ರ ಆಸುಪಾಸಿನ, ಕಣ್ಣಿಗೆ ಕಾಣದ ಬೆಳಕು. ಜೀವಕೋಶಕ್ಕೆ ಶಕ್ತಿ ಒದಗಿಸೋ ಮೈಟೊಕಾಂಡ್ರಿಯಾದಲ್ಲಿರುವ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಳ್ಳುತ್ತೆ, ಕೋಶ ಚುರುಕಾಗುತ್ತೆ ಅನ್ನೋದು ಮುಖ್ಯ ವಿವರಣೆ. ಅಂದರೆ ಬೆಳಕೇ ಮೂಳೆ ಕಟ್ಟಲ್ಲ. ಕಟ್ಟೋ ಕೋಶಗಳು ಅಲ್ಲಿ ಇರಬೇಕು.

ಪ್ರಮಾಣವೂ ಮುಖ್ಯ. ಎಳೆ ಅಡಿಕೆ ಸಸಿಗೆ ಬಿಸಿಲು ಬೇಕು, ಆದರೆ ಪಡುವಣ ಬಿಸಿಲು ನೇರ ಬಿದ್ದರೆ ಸುಟ್ಟು ಹೋಗುತ್ತೆ ಅಲ್ವಾ? ಇಲ್ಲೂ ಅಷ್ಟೇ. ಲ್ಯಾಬಿನಲ್ಲಿ ಕೋಶಗಳಿಗೆ ಸಾಮಾನ್ಯವಾಗಿ ಕೊಡೋದು ಚದರ ಸೆಂಟಿಮೀಟರಿಗೆ ಕೆಲವೇ ಜೂಲ್ (ಶಕ್ತಿಯ ಅಳತೆ). ಅಳತೆ ಮೀರಿದರೆ ಬೆಳವಣಿಗೆ ಕುಗ್ಗುತ್ತೆ. ತಟ್ಟೆಯಲ್ಲಾದರೆ ಬೆಳಕು ಎಷ್ಟು ಬಿತ್ತು ಅಂತ ಲೆಕ್ಕ ಸಿಗುತ್ತೆ. ಒಸಡು, ರಕ್ತ, ಮೂಳೆ ದಾಟಿ ಒಳಗೆ ಎಷ್ಟು ತಲುಪಿತು ಅಂತ ಹೇಳೋದು ಕಷ್ಟ.

ಮನುಷ್ಯರಲ್ಲಿ ಆಗಿರೋದು ಸ್ವಲ್ಪವೇ. ಇಟಲಿಯ ಸಂಶೋಧಕರು ಬುದ್ಧಿಹಲ್ಲು ಕಿತ್ತ ಜಾಗಕ್ಕೆ ಅದೇ ರೋಗಿಯ ತಿರುಳಿನ ಕೋಶಗಳನ್ನು ಕೊಲಾಜೆನ್ ಅನ್ನೋ ಪ್ರೋಟೀನಿನ ಸ್ಪಂಜಿನಲ್ಲಿ ಇಟ್ಟರು. ಮೂಳೆ ಬಂತು. ಮೂರು ವರ್ಷದ ನಂತರ ನೋಡಿದರೆ, ಅಲ್ಲಿ ಇರಬೇಕಾದ ಜಾಳು ಜಾಳು ಮೂಳೆ ಬದಲು ಗಟ್ಟಿ ಮೂಳೆ ಬೆಳೆದಿತ್ತು. ಅದು ಬೆಳಕಿಲ್ಲದೆ ಮಾಡಿದ್ದು. ಇಂಥ ಸಂಗತಿ ಇನ್ನೂ ಅರ್ಥ ಆಗಬೇಕಿರುವಾಗ ಅದನ್ನು ಪ್ಯಾಕೇಜ್ ಮಾಡಿ ಮಾರೋದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ.

ಹಲ್ಲು ಇಡಿಸೋ ವಿಚಾರ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯಲ್ಲಿ ಹೊಕ್ಕುಳಬಳ್ಳಿಯ ರಕ್ತ ಬಿಟ್ಟು ಬೇರೆ ಯಾವುದನ್ನೂ ದುಡ್ಡಿಗೆ ಶೇಖರಿಸಿಡಲು ಒಪ್ಪಿಗೆ ಇಲ್ಲ. ಹಲ್ಲಿನ ತಿರುಳಿಗೂ ಇಲ್ಲ. ಡಬ್ಬಿಯಲ್ಲಿ ಸುಮ್ನೆ ಒಣಗಿಸಿಟ್ಟ ಹಲ್ಲಿನಲ್ಲಂತೂ ಜೀವಂತ ಕೋಶವೇ ಉಳಿಯಲ್ಲ.

ನಿಮ್ಮ ಅತ್ತೆಯವರಿಗೆ ಈಗಲೇ ಆಗಬೇಕಾದ ಕೆಲಸ ಬೇರೆ ಇದೆ. ಒಸಡಿನ ಒಳಗೆ ಆಳದವರೆಗೆ ಕ್ಲೀನ್ ಮಾಡಿಸಿ. ಶುಗರ್ ಇದೆಯಾ ನೋಡಿಸಿ, ಹತೋಟಿಯಲ್ಲಿ ಇಲ್ಲದಿದ್ದರೆ ಮೂಳೆ ಬೇಗ ಸವೆಯುತ್ತೆ. ಕವಳದ (ಎಲೆ ಅಡಿಕೆಯ) ಜೊತೆ ಹೊಗೆಸೊಪ್ಪು ಹಾಕೋ ಅಭ್ಯಾಸ ಇದ್ದರೆ ಬಿಡಿಸಿ. ಅಡಿಕೆಯೂ ಬಾಯಿಗೆ ಒಳ್ಳೇದಲ್ಲ, ತೋಟದವರಿಗೆ ಬೇಜಾರಾದರೂ ಹೇಳಲೇಬೇಕು. ಶಿವಮೊಗ್ಗದಲ್ಲಿ ಡೆಂಟಲ್ ಕಾಲೇಜೇ ಇದೆ, ಅಲ್ಲಿನ ಒಸಡಿನ ವಿಭಾಗದಲ್ಲಿ ತೋರಿಸಿ. ಹಲ್ಲು ಕೀಳಲೇಬೇಕು ಅಂದರೆ ಕೀಳೋ ಮೊದಲೇ ಒಂದು ಮಾತು ಕೇಳಿ: "ಅದೇ ದಿನ ಆ ಗುಳಿಯೊಳಗೆ ಮೂಳೆ ಪುಡಿ ತುಂಬಿಸೋಕೆ ಆಗುತ್ತಾ ಡಾಕ್ಟ್ರೇ?" ಕಿತ್ತ ಮೊದಲ ವರ್ಷದಲ್ಲೇ ಅಲ್ಲಿನ ಮೂಳೆಯ ಅಗಲ ಅರ್ಧದಷ್ಟು ಕುಗ್ಗಬಹುದು. ಪುಡಿ ತುಂಬಿಸಿದರೆ ಆ ಕುಗ್ಗೋದು ಕಡಿಮೆಯಾಗುತ್ತೆ.